ಮುಂಗಡ, ನೂಲು, ಅರಗು

ಬೆಂಗಳೂರಿನ ಬಸವನಗುಡಿ ಕಡೆ ಬಸ್ಸಿನಲ್ಲಿ ಓಡಾಡಿದವರಿಗೆ ಟಾಟಾ ಸಿಲ್ಕ್ ಫಾರಂ ಎಂಬ ನಿಲ್ದಾಣದ ಹೆಸರು ಗೊತ್ತಿರುತ್ತದೆ. ಈಗ ಅಲ್ಲಿ ಫಾರಮ್ಮೂ ಇಲ್ಲ, ರೇಷ್ಮೆ ಹುಳುವೂ ಇಲ್ಲ. ಮನೆ, ಅಂಗಡಿ, ಸಿಗ್ನಲ್ಲು ಅಷ್ಟೇ. ಆದರೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಜನರ ಕೈಗೆ ನಾಲ್ಕು ಕಾಸು ಹೇಗೆ ಬಂತು ಎಂದು ಹೇಳಲು ಹೊರಟರೆ ಆ ನಿಲ್ದಾಣದಿಂದಲೇ ಹೊರಡಬೇಕು. ವ್ಯಾಪಾರಿಯ ದುಡ್ಡು, ಕ್ರೈಸ್ತರ ಸೇವೆ, ಕೈಕಸುಬು ಈ ಮೂರೂ ಸ್ವಲ್ಪ ಕಾಲ ಒಂದೇ ಅಂಗಳದಲ್ಲಿ ಕೂತು ಕೆಲಸ ಮಾಡಿದ ಜಾಗ ಅದು.

ರೇಷ್ಮೆ ನಮಗೆ ಆಗ ಹೊಸದೇನೂ ಆಗಿರಲಿಲ್ಲ. 1780ರ ದಶಕದಲ್ಲೇ ಟಿಪ್ಪು ಸುಲ್ತಾನ ಬಂಗಾಳದಿಂದ ಹುಳು ತರಿಸಿ ಸಾಕಿಸಲು ತೊಡಗಿದ್ದ. ಹುಳು ಈ ಹವೆಗೆ ಒಗ್ಗಿತು, ಹಿಪ್ಪುನೇರಳೆ ಕೆಂಪು ಮಣ್ಣಿಗೆ ಒಗ್ಗಿತು, ಜನವೂ ಒಗ್ಗಿದರು. ಆದರೆ ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಹುಳುವಿಗೆ ರೋಗ ಹತ್ತಿತು. ಅದರ ಮೇಲೆ 1876ರಿಂದ 78ರವರೆಗಿನ ಮಹಾ ಬರ. ಸೊಪ್ಪಿಲ್ಲದೆ ಹುಳುವಿಲ್ಲ, ಹುಳುವಿಲ್ಲದೆ ನೂಲಿಲ್ಲ.

ನಮ್ಮ ರೈತರು ಗಂಟುರೋಗ ಎನ್ನುವ ಕಾಯಿಲೆ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡ ಮೊಟ್ಟೆಯನ್ನೇ ತಂದಿರುತ್ತೀರಿ. ಮರಿಹುಳುಗಳ ಚಾಕಿ ಕಟ್ಟುತ್ತೀರಿ, ಎರಡನೇ ಜ್ವರ, ಎಂದರೆ ಹುಳು ಪೊರೆ ಬಿಡುವ ಹಂತ, ಕಳೆಯುತ್ತದೆ, ಮೂರನೆಯದಕ್ಕೆ ಹುಳು ಏಳುವುದೇ ಇಲ್ಲ. ಇದಕ್ಕೆ ಉಪಾಯ ಕಂಡುಹಿಡಿದವನು 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಹಳ್ಳಿಗಳಲ್ಲಿ ದುಡಿದ ಲೂಯಿ ಪಾಶ್ಚರ್. ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ರೋಗದ ಕಣ ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ಸುಟ್ಟುಬಿಡಬೇಕು. ಉಪಾಯ ಸರಳ, ಆದರೆ ಅದಕ್ಕೆ ಯಂತ್ರ ಬೇಕು, ತರಬೇತಾದ ಕಣ್ಣು ಬೇಕು. ಅರ್ಧ ಎಕರೆ ಸೊಪ್ಪಿನ ರೈತನ ಹತ್ತಿರ ಎರಡೂ ಇರಲಿಲ್ಲ.

ಆ ಕೊರತೆ ತುಂಬಲು ಹೊರಟವರು ಉದ್ಯಮಿ ಜಮ್‌ಶೆಟ್‌ಜಿ ಟಾಟಾ, ಜಪಾನು, ಫ್ರಾನ್ಸು ಸುತ್ತಿ ಬಂದವರು. ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ. ಸಂಸ್ಥಾನ ಜಾಗ ಕೊಟ್ಟು ನೆರವಿಗೆ ನಿಂತಿತು. 1890ರ ದಶಕದ ಕೊನೆಗೆ ಬೆಂಗಳೂರಿನ ಹೊರವಲಯದಲ್ಲಿ ಫಾರಂ ಶುರುವಾಯಿತು. ಜಪಾನಿನಿಂದ ಗಂಡ ಹೆಂಡತಿ ಇಬ್ಬರು ತಜ್ಞರು ಬಂದರು. ಹಿಪ್ಪುನೇರಳೆ ಬೆಳೆಯುವುದು, ಹುಳು ಸಾಕುವುದು, ರೋಗ ತಡೆಯುವುದು, ಗೂಡು ಬಿಚ್ಚುವುದು, ನೂಲನ್ನು ಪೇಟೆಗೆ ಸಿದ್ಧಮಾಡುವುದು, ಇಷ್ಟನ್ನೂ ಅಲ್ಲಿ ಮಾಡಿ ತೋರಿಸುತ್ತಿದ್ದರು. ಲಾಭದ ಕಾರ್ಖಾನೆ ಎನ್ನುವುದಕ್ಕಿಂತ ಪಾಠಶಾಲೆ ಎನ್ನುವುದು ಸರಿ. 1904ರಲ್ಲಿ ಜಮ್‌ಶೆಟ್‌ಜಿ ತೀರಿಕೊಂಡರು. 1910ರಲ್ಲಿ ಟಾಟಾದವರು ಫಾರಮ್ಮನ್ನು ಒಪ್ಪಿಸಿದ್ದು ಯಾವುದಾದರೂ ಕಂಪನಿಗಲ್ಲ, ಸಾಲ್ವೇಶನ್ ಆರ್ಮಿಗೆ.

ಈ ಸಾಲ್ವೇಶನ್ ಆರ್ಮಿ ಎಂದರೆ ಲಂಡನ್ನಿನ ಬಡವರ ಕೇರಿಯಲ್ಲಿ 1865ರಲ್ಲಿ ವಿಲಿಯಂ ಬೂತ್ ಹುಟ್ಟುಹಾಕಿದ ಕ್ರೈಸ್ತ ಪಂಗಡ. ಸಮವಸ್ತ್ರ, ಬ್ಯಾಂಡು, ಜನರಲ್ಲು, ಕಮಿಷನರು ಎಲ್ಲ ಉಂಟು, ಕೋವಿ ಮಾತ್ರ ಇಲ್ಲ. ಹಸಿದವನಿಗೆ ಬೋಧನೆ ಹಿಡಿಸುವುದಿಲ್ಲ, ಮೊದಲು ಗಂಜಿ, ಆಮೇಲೆ ಕೆಲಸ ಎನ್ನುವುದು ಅವರ ದಾರಿ. ಇಂಡಿಯಾದಲ್ಲಿ ಇದನ್ನು ಶುರುಮಾಡಿದ ಫ್ರೆಡರಿಕ್ ಬೂತ್ ಟಕರ್ ಒಬ್ಬ ವಿಚಿತ್ರ ಮನುಷ್ಯ. ಐಸಿಎಸ್ ಕೆಲಸ ಬಿಟ್ಟು, ಕಾವಿ ತೊಟ್ಟು, ಫಕೀರ್ ಸಿಂಗ್ ಎಂದು ಹೆಸರಿಟ್ಟುಕೊಂಡು, ಬರಿಗಾಲಲ್ಲಿ ತಿರುಗಿದ ಇಂಗ್ಲಿಷಿನವನು. ರೇಷ್ಮೆಯ ಹುಚ್ಚು ಅವನಿಗೆ ವಿಪರೀತ. ಅವನ ಲೆಕ್ಕ ಹೀಗಿತ್ತು: ರೇಷ್ಮೆಗೆ ದೊಡ್ಡ ಜಮೀನು ಬೇಡ, ದೊಡ್ಡ ಬಂಡವಾಳ ಬೇಡ. ಹೆಂಗಸರೂ ವಯಸ್ಸಾದವರೂ ಮನೆಯಲ್ಲೇ ಕೂತು ಮಾಡಬಹುದು. ಒಂದು ತಿಂಗಳೊಳಗೆ ಗೂಡು, ಗೂಡಿಗೆ ರೊಕ್ಕ. ಬಡತನಕ್ಕೆ ಇದಕ್ಕಿಂತ ಹತ್ತಿರದ ಬೆಳೆ ಯಾವುದಿದೆ?

ಈ ಲೆಕ್ಕ ತಪ್ಪಲ್ಲ. ಕನಕಪುರದ ಹಳ್ಳಿಗಳಲ್ಲಿ ಇವತ್ತಿಗೂ ಜನ ಇದೇ ಲೆಕ್ಕ ಹಾಕುತ್ತಾರೆ. ರಾಗಿ ಹೊಟ್ಟೆಗೆ, ಗೂಡು ಮದುವೆಗೆ, ಶಾಲೆಯ ಫೀಸಿಗೆ, ಬೋರ್‌ವೆಲ್ಲಿನ ಸಾಲಕ್ಕೆ.

ಆದರೆ ಅದೇ ಸಾಲ್ವೇಶನ್ ಆರ್ಮಿಯ ಇನ್ನೊಂದು ಮುಖವನ್ನೂ ಹೇಳದೆ ಬಿಡಬಾರದು. ಆ ಕಾಲದ ಬ್ರಿಟಿಷ್ ಸರ್ಕಾರ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಕಾನೂನು ಮಾಡಿ ಪಟ್ಟಿಗೆ ಸೇರಿಸಿತ್ತು. 1871ರಲ್ಲಿ ಒಂದು ಕಾನೂನು, 1911ರಲ್ಲಿ ಇನ್ನೂ ಬಿಗಿಯಾದದ್ದು. ಆ ಜನರನ್ನು ಕೂಡಿಹಾಕಿದ ವಸಾಹತುಗಳಲ್ಲಿ ಹಲವನ್ನು ನಡೆಸಲು ಒಪ್ಪಿಕೊಂಡವರು ಇದೇ ಸಾಲ್ವೇಶನ್ ಆರ್ಮಿಯವರು. ಈಗ ಆಂಧ್ರದಲ್ಲಿರುವ ಸ್ಟೂವರ್ಟ್‌ಪುರಂ ಅಂಥ ಒಂದು ಊರು. ಅಲ್ಲಿಯೂ ಕಸುಬು ಹೇಳಿಕೊಟ್ಟರು, ಶಾಲೆ ನಡೆಸಿದರು. ಆದರೆ ಹಾಜರಿ ಕೊಡದೆ ಊರು ಬಿಡುವ ಹಾಗಿರಲಿಲ್ಲ. ಬಸವನಗುಡಿಯ ಫಾರಂನಲ್ಲಿ ಹುಳು ಸಾಕಲು ಕಲಿತವನು ಬೇಕಾದರೆ ಮಾಗಡಿಗೆ ಹೋಗಬಹುದು, ಬೇಡವಾದರೆ ಕಸುಬನ್ನೇ ಬಿಡಬಹುದು. ವಸಾಹತಿನವನಿಗೆ ಆ ಎರಡೂ ಇರಲಿಲ್ಲ. ಕೊಡುವ ಕೈ ಅದೇ, ಬಾಯಲ್ಲಿ ಅದೇ ಪ್ರಾರ್ಥನೆ. ಪಡೆಯುವವನಿಗೆ ‘ಬೇಡ’ ಎನ್ನಲು ಬಿಡುತ್ತಾರೋ ಇಲ್ಲವೋ ಎನ್ನುವುದರ ಮೇಲೆ ಒಂದು ಸೇವೆ, ಇನ್ನೊಂದು ಸೆರೆ. ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದರ ಸುತ್ತಲಿನ ಸಂಗತಿ.

ಮಿಷನ್ನಿನ ಉದ್ಯಮ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಮಂಗಳೂರಿನ ಬಾಸೆಲ್ ಮಿಷನ್. 1834ರಲ್ಲಿ ಬಂದವರು ಅಚ್ಚುಕೂಟ ಹಾಕಿದರು, ನೇಯ್ಗೆ ಶುರುಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. 1843ರ ಮಂಗಳೂರ ಸಮಾಚಾರ ಅವರ ಮೋಗ್ಲಿಂಗ್ ತಂದದ್ದು, 1894ರ ಕನ್ನಡ ಇಂಗ್ಲಿಷ್ ನಿಘಂಟು ಅವರ ಕಿಟ್ಟೆಲ್ ಮಾಡಿದ್ದು. ಕರಾವಳಿಯಲ್ಲಿ ವ್ಯಾಪಾರ, ಧರ್ಮ, ವಿದ್ಯೆ ಒಟ್ಟಿಗೆ ಬೆಳೆದ ಪರಿ ಬೆರಗಿನದು. ಆದರೆ ಅಲ್ಲಿ ಮತಾಂತರವಾದವನು ತನ್ನ ಜಾತಿಯ ಕಸುಬು, ಗೇಣಿ ಭೂಮಿ ಎರಡನ್ನೂ ಕಳೆದುಕೊಂಡಿರುತ್ತಿದ್ದ. ಅವನಿಗೆ ಕೂಲಿ ಕೊಡುವವರೂ, ಮನೆ ಕೊಡುವವರೂ, ಭಾನುವಾರ ಬೋಧಿಸುವವರೂ ಒಬ್ಬರೇ ಆದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಶತ್ರುಗಳ ಆಸ್ತಿ ಎಂದು ಕಾರ್ಖಾನೆಗಳನ್ನು ಕಸಿದುಕೊಂಡಾಗ ಆ ಕುಟುಂಬಗಳಿಗೆ ಎಷ್ಟು ಕಷ್ಟವಾಗಿರಬೇಕು, ಊಹಿಸಿಕೊಳ್ಳಿ. ನಮ್ಮ ರಾಮನಗರದ ಕಡೆ ಹಾಗಾಗಲಿಲ್ಲ. ಇಲ್ಲಿ ಯಾವ ಮಿಷನ್ನಿನ ಕೈಯಲ್ಲೂ ಕಸುಬು ಉಳಿಯಲಿಲ್ಲ, ಊರಿನ ಕೈಗೆ ಬಂತು. ಅದರಿಂದ ನಮಗೆ ಒಳ್ಳೆಯದೇ ಆಯಿತು ಎಂದು ನನ್ನ ಎಣಿಕೆ.

ಅದು ಬಂದದ್ದು ಹೀಗೆ. 1913ರ ಸುಮಾರಿಗೆ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿತು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಎದ್ದಿತು. ರೋಗವಿಲ್ಲದ ಮೊಟ್ಟೆ ತಯಾರಿಸಿ ಹಂಚುವುದು ಸರ್ಕಾರದ ಕೆಲಸವಾಯಿತು. ಮಾಗಡಿ ಮತ್ತು ಪಕ್ಕದ ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆ ಪ್ರದೇಶವಾಯಿತು. ಮಾಗಡಿಯ ರೈತ ಬಿತ್ತನೆ ಗೂಡು ಬೆಳೆದರೆ, ಅದರಿಂದ ಮಾಡಿದ ಮಿಶ್ರತಳಿ ಮೊಟ್ಟೆಯನ್ನು ಕನಕಪುರದವನು ಸಾಕುತ್ತಾನೆ, ರಾಮನಗರದವನು ಗೂಡು ಬಿಚ್ಚಿ ನೂಲು ತೆಗೆಯುತ್ತಾನೆ. ಬೆಳೆಯುವವರಲ್ಲಿ ಒಕ್ಕಲಿಗರು ಹೆಚ್ಚು, ಬಿಚ್ಚುವವರಲ್ಲಿ ಮುಸಲ್ಮಾನರು ಹೆಚ್ಚು. ಆರೇಳು ಕಿಲೋ ಗೂಡಿಗೆ ಒಂದು ಕಿಲೋ ರೇಷ್ಮೆ. ಒಬ್ಬರಿಗೊಬ್ಬರು ಬೇಕೇ ಬೇಕು.

ಇನ್ನು ರಾಮನಗರದ ಗೂಡಿನ ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದು ಎಂಬ ಹೆಸರಿದೆ. ಇದರ ಹಿಂದೆ ಯಾವ ಧರ್ಮಸಂಸ್ಥೆಯೂ ಇಲ್ಲ, ಕಾನೂನು ಇದೆ. 1959ರ ಕಾಯ್ದೆಯ ಪ್ರಕಾರ ಗೂಡನ್ನು ಮನೆ ಬಾಗಿಲಲ್ಲಿ ಮಾರುವ ಹಾಗಿಲ್ಲ, ಸರ್ಕಾರದ ಮಾರುಕಟ್ಟೆಗೇ ತರಬೇಕು. ಮೊದಲೆಲ್ಲ ದಲ್ಲಾಳಿ ಹಳ್ಳಿಗೆ ಬಂದು, ಗೂಡು ನೋಡಿ ಮುಖ ಹುಳಿ ಮಾಡಿ, ಬಾಯಿಗೆ ಬಂದ ಬೆಲೆ ಹೇಳುತ್ತಿದ್ದ. ಗೂಡೊಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬಂದರೆ ಗೂಡು ಕೆಟ್ಟಿತು. ನಾಲ್ಕು ದಿನ ತಡೆಯುವ ಶಕ್ತಿ ರೈತನಿಗಿಲ್ಲ ಎಂದು ದಲ್ಲಾಳಿಗೆ ಚೆನ್ನಾಗಿ ಗೊತ್ತು. ಈಗ ಮಾರುಕಟ್ಟೆಯಲ್ಲಿ ಒಂದು ಲಾಟಿಗೆ ಗೂಡು ಬಿಚ್ಚುವ ರೀಲರುಗಳು ಹತ್ತಾರು ಜನ ಬರುತ್ತಾರೆ. ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲುಗಿಸಿ, ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಒಲ್ಲೆ ಎನ್ನಬಹುದು. ಆ ‘ಒಲ್ಲೆ’ ಎನ್ನುವ ಮಾತು ಒಂದು ಕಾಲದಲ್ಲಿ ಅವನಿಗೆ ಇರಲಿಲ್ಲ.

ಮಾರುಕಟ್ಟೆಯ ಗೋಡೆಯಾಚೆಗೆ ಆ ಹಕ್ಕು ಎಲ್ಲರಿಗೂ ತಲುಪಿತೇ? ಇಲ್ಲ. ರೇಷ್ಮೆ ಬಿಚ್ಚುವ ಮನೆಗಳಲ್ಲಿ ಕುದಿನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಬೆರಳಿನಿಂದ ಎಳೆ ಹುಡುಕಬೇಕು. ಹುರಿ ಹಾಕುವ ಯಂತ್ರಗಳ ನಡುವೆ ನಿಂತುಕೊಂಡೇ ದಿನ ಕಳೆಯಬೇಕು. ರಾಮನಗರ, ಮಾಗಡಿಯ ಇಂಥ ಕೆಲಸದಲ್ಲಿ ಚಿಕ್ಕ ಮಕ್ಕಳಿದ್ದರು. 1996ರಲ್ಲಿ, ಮತ್ತೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ತನ್ನ ವರದಿಗಳಲ್ಲಿ ಕರ್ನಾಟಕದ ರೇಷ್ಮೆ ಉದ್ಯಮದ ಈ ಮಕ್ಕಳ ಬಗ್ಗೆ ಬರೆದು ಲೋಕಕ್ಕೆ ಹೇಳಿತು. ಮಕ್ಕಳು ಅಲ್ಲಿ ಹೇಗೆ ಸೇರುತ್ತಿದ್ದರು? ತಂದೆ ತಾಯಿ ಮಾಲೀಕನಿಂದ ಮುಂಗಡ ತೆಗೆದುಕೊಳ್ಳುತ್ತಿದ್ದರು. ಒಂದು ಸಾವಿರವೋ, ಎರಡು ಸಾವಿರವೋ. ಅದು ತೀರುವ ತನಕ ಮಗು ಬೇರೆ ಕಡೆ ಹೋಗುವ ಹಾಗಿಲ್ಲ, ಶಾಲೆಗೂ ಇಲ್ಲ. ಕೂಲಿ ಅಷ್ಟು ಕಮ್ಮಿ, ಆದ್ದರಿಂದ ತೀರುವುದೂ ಇಲ್ಲ. ಸರ್ಕಾರ, ಸೇವಾಸಂಸ್ಥೆಗಳು, ಶಾಲೆಗಳು ಸೇರಿ ಪರಿಸ್ಥಿತಿಯನ್ನು ಸಾಕಷ್ಟು ತಿದ್ದಿವೆ ನಿಜ. ಆದರೂ ಆ ಮುಂಗಡ ಎಂಬ ಪದ್ಧತಿಯನ್ನು ನೆನಪಿನಲ್ಲಿಡಿ, ಚನ್ನಪಟ್ಟಣದಲ್ಲಿ ಅದು ಮತ್ತೆ ಎದುರಾಗುತ್ತದೆ.

ಚನ್ನಪಟ್ಟಣಕ್ಕೆ ಹೋಗುವ ಮುಂಚೆ ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನು ಹಾದು ಹೋಗೋಣ. ಅರ್ಕಾವತಿಯ ಅಣೆಕಟ್ಟಿನಿಂದ ಹೆಸರಾದ ಊರು. ಊರು ತುಂಬ ಕಥೋಲಿಕರು. ನನಗೆ ಆ ಊರು ಬೇಕಾಗಿರುವುದು ನೂರು ವರ್ಷ ದಾಟಿದ ಒಂದು ನಾಟಕಕ್ಕೆ. ಶುಭ ಶುಕ್ರವಾರದ ಹೊತ್ತಿಗೆ ಯೇಸುಸ್ವಾಮಿಯ ಯಾತನೆಯ ಕಥೆಯನ್ನು ಊರಿನವರೇ ಕನ್ನಡದಲ್ಲಿ ಆಡುತ್ತಾರೆ. ನೋಡಲು ಸುತ್ತೂರಿನವರು ಬರುತ್ತಾರೆ, ಬೆಂಗಳೂರಿನಿಂದಲೂ ಬರುತ್ತಾರೆ.

ಚೌರಪ್ಪ, ಇನ್ನಾಸಪ್ಪ, ರಾಯಪ್ಪ ಎಂಬ ಹೆಸರಿಟ್ಟುಕೊಂಡ ಈ ಹಳೇ ಮೈಸೂರಿನ ಕ್ರೈಸ್ತರು ರಾಗಿ ಬೆಳೆಯುವ, ಮುದ್ದೆ ಉಣ್ಣುವ ಒಕ್ಕಲು ಮಕ್ಕಳು. ಹದಿನೇಳನೆಯ ಶತಮಾನದ ನಡುವಿನಲ್ಲಿ ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ದಿನಗಳಿಂದ ಈ ಸೀಮೆಯಲ್ಲಿ ಕ್ರೈಸ್ತಧರ್ಮ ಕನ್ನಡದಲ್ಲೇ ಮಾತಾಡಿದೆ. ಧರ್ಮಕಾರ್ಯ ಎಂದರೆ ಆಸ್ಪತ್ರೆ, ಅನಾಥಾಲಯ, ಶಾಲೆ ಎಂದು ಪಟ್ಟಿ ಮಾಡುವವರು ನಾಟಕವನ್ನು ಅದರಲ್ಲಿ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಆಸ್ಪತ್ರೆಯಲ್ಲಿ ಹಳ್ಳಿಯವನು ರೋಗಿ, ಅನಾಥಾಲಯದಲ್ಲಿ ಹಳ್ಳಿಯ ಮಗು ಅನಾಥ, ಎರಡು ಕಡೆಯೂ ಕೈ ಒಡ್ಡಿ ನಿಂತವರು. ನಾಟಕದಲ್ಲಿ ಅವನು ಪಿಲಾತ, ಪೇತ್ರ, ಯೂದ. ಸಾವಿರಾರು ಜನರ ಎದುರು ಎದೆಯೆತ್ತಿ ನಿಂತು ತನ್ನ ಊರಿನ ಕನ್ನಡದಲ್ಲಿ ಮಾತಾಡುತ್ತಾನೆ. ಯಾರೋ ಕೊಟ್ಟದ್ದನ್ನು ಇಸಿದುಕೊಳ್ಳುವ ಮಾತೇ ಅಲ್ಲಿಲ್ಲ. ಊರು ತಲೆಯೆತ್ತುವುದು ಎಂದರೆ ಅದೂ ಹೌದಲ್ಲವೇ?

ಕೊಡುವುದರಲ್ಲಿ ಕ್ರೈಸ್ತರಿಗೇ ಗುತ್ತಿಗೆ ಎಂದು ನಾನು ಹೇಳುತ್ತಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, 1907ರಲ್ಲಿ. ಅವರ ಮಠದಲ್ಲಿ ಉಂಡು, ಮಲಗಿ, ಓದಿದ ಮಕ್ಕಳನ್ನು ಜಾತಿ ಮತ ಕೇಳಿ ಸೇರಿಸಿಕೊಳ್ಳಲಿಲ್ಲ. ಓದು ಮುಗಿದ ಮೇಲೆ ಮಠಕ್ಕೆ ದುಡಿಯಬೇಕೆಂದು ತಡೆಯಲೂ ಇಲ್ಲ. ಕಲಾವಿದರ ವಿಷಯದಲ್ಲಿ ಇದೇ ಬಗೆಯ ಕೆಲಸ ಮಾಡಿದವರು ಎಚ್.ಎಲ್. ನಾಗೇಗೌಡರು. ಸರ್ಕಾರದ ದೊಡ್ಡ ಹುದ್ದೆಯಿಂದ ಇಳಿದ ಮೇಲೆ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಹೆದ್ದಾರಿಯ ಪಕ್ಕ ಜಾನಪದ ಲೋಕ ತೆರೆದರು. ಪೂಜೆ ಕುಣಿತ, ಡೊಳ್ಳು, ತೊಗಲುಬೊಂಬೆಯವರಿಗೆ ಅಲ್ಲಿ ಅಂಗಳ ಸಿಕ್ಕಿತು.

ಈಗ ಚನ್ನಪಟ್ಟಣ. ಬೊಂಬೆಗಳ ನಾಡು ಎಂದು ಹೆದ್ದಾರಿಯ ಬೋರ್ಡುಗಳೇ ಹೇಳುತ್ತವೆ. ಟಿಪ್ಪುವಿನ ಕಾಲಕ್ಕೆ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರು ಎಂಬುದು ಊರಿನ ಮಾತು. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಹೊಸ ರೂಪ ಕೊಟ್ಟವರು ಬಾವಾಸ್ ಮಿಯಾ. ಜಪಾನಿನ ವಿಧಾನವನ್ನು ತಂದು ಊರಿನ ಕಸುಬುದಾರರಿಗೆ ಹಂಚಿದರು. ಗುಟ್ಟು ಮುಚ್ಚಿಟ್ಟುಕೊಂಡು ತಾವೊಬ್ಬರೇ ಸಾಹುಕಾರರಾಗಬಹುದಿತ್ತು, ಆಗಲಿಲ್ಲ. ಜಪಾನು ನಮ್ಮ ಜಿಲ್ಲೆಯ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ, ಇನ್ನೊಮ್ಮೆಯೂ ಬರಲಿದೆ.

ಬೊಂಬೆಯ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಆಲೆ ಮರದ ತುಂಡು, ಬಿಳಿಯದು, ಹಗುರ. ಚೆನ್ನಾಗಿ ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಕಡೆಯುತ್ತಾರೆ. ರೂಪ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಆಮೇಲೆ ಗರಿ ಒತ್ತಿದರೆ ಹೊಳಪು. ಕುಂಚವಿಲ್ಲ, ಎಣ್ಣೆಬಣ್ಣವಿಲ್ಲ. ಅರಿಸಿನ, ನೀಲಿಯಂಥ ಗಿಡಮೂಲದ ಬಣ್ಣ ಹಾಕಿದ ಬೊಂಬೆಯನ್ನು ಮಗು ಬಾಯಿಗಿಟ್ಟರೂ ಹೆದರಿಕೆಯಿಲ್ಲ. ಕೆಲಸ ಮಾಡುವವರಲ್ಲಿ ಹೆಂಗಸರೂ ಬಹಳ. ಡಚ್ ಸರ್ಕಾರದ ನೆರವು, ನಮ್ಮ ರಾಜ್ಯದ ವಿಶ್ವ ಯೋಜನೆ ಎರಡೂ ಸೇರಿ ಕುಶಲಕರ್ಮಿಗಳಿಗೆ ಹಣ ಒದಗಿಸಿದವು. ನೀಲಸಂದ್ರದಲ್ಲಿ 32 ಲೇತುಗಳ ಕೇಂದ್ರವೊಂದು ಎದ್ದಿತು. ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು.

ಇಷ್ಟರಲ್ಲಿ ಕ್ರೈಸ್ತರು ಎಲ್ಲಿದ್ದಾರೆ ಎಂದು ಕೇಳಬಹುದು. ಅವರಿರುವುದು ಕೊಳ್ಳುವ ಪದ್ಧತಿಯಲ್ಲಿ. 1946ರಲ್ಲಿ ಅಮೆರಿಕದ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಎಡ್ನಾ ರೂತ್ ಬೈಲರ್ ಪೋರ್ಟೊರಿಕೊದ ಬಡ ಹೆಂಗಸರ ಕಸೂತಿಯನ್ನು ತಮ್ಮ ಕಾರಿನಲ್ಲಿ ತುಂಬಿಕೊಂಡು ಊರೂರು ಮಾರಿದರು. ಭಿಕ್ಷೆ ಕೊಡುವ ಬದಲು ಸರಿಯಾದ ಬೆಲೆಗೆ ಕೊಂಡುಕೊಳ್ಳೋಣ ಎನ್ನುವುದು ಅವರ ವಾದ. ಚರ್ಚುಗಳ ನೆಲಮಾಳಿಗೆಗಳಲ್ಲಿ ಬೆಳೆದ ಆ ಆಲೋಚನೆಯೇ ಮುಂದೆ ನ್ಯಾಯಯುತ ವ್ಯಾಪಾರ ಎಂಬ ಜಾಗತಿಕ ಚಳವಳಿಯಾಯಿತು. ಅದರ ನಿಯಮಗಳಲ್ಲಿ ಒಂದು ನನಗೆ ಬಹಳ ಮುಖ್ಯ. ಕೈಕಸುಬಿನ ಸರಕಿಗೆ ಆರ್ಡರ್ ಕೊಟ್ಟಾಗ, ತಯಾರಕ ಕೇಳಿದರೆ ಕಡಿಮೆಯೆಂದರೂ ಅರ್ಧ ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು.

ಮುಂಗಡ! ಹುರಿ ಯಂತ್ರದ ನಡುವೆ ಮಗುವನ್ನು ಕಟ್ಟಿಹಾಕಿದ್ದೂ ಮುಂಗಡವೇ, ಬೊಂಬೆ ಕಡೆಯುವವನು ಸಾಲ ಕೊಡುವವನ ಮನೆಗೆ ಹೋಗದೆ ಆಲೆ ಮರ, ಅರಗು ಕೊಳ್ಳುವಂತೆ ಮಾಡಬಲ್ಲದ್ದೂ ಮುಂಗಡವೇ. ಮೊದಲನೆಯದು ಆಳಿನ ಮೇಲೆ ಕೊಟ್ಟದ್ದು, ಎರಡನೆಯದು ಸರಕಿನ ಮೇಲೆ ಕೊಡುವುದು. ಸರಕು ಕೊಟ್ಟ ದಿನ ಲೆಕ್ಕ ಚುಕ್ತಾ, ಇಬ್ಬರೂ ಸ್ವತಂತ್ರರು. ಜಾಗತಿಕ ನಿಯಮ ಕಾಗದದ ಮೇಲಿರುವಷ್ಟು ಚೆನ್ನಾಗಿ ಚನ್ನಪಟ್ಟಣದ ಪ್ರತಿ ಮನೆಗೂ ಬಂದಿದೆ ಎಂದು ಯಾರೂ ಹೇಳಲಾರರು. ಇವತ್ತಿಗೂ ಬೊಂಬೆಯ ಬೆಲೆಯಲ್ಲಿ ಕಡೆದವನ ಪಾಲಿಗಿಂತ ಮಾರಿದವನ ಪಾಲು ದೊಡ್ಡದು.

ಚೀನಾದ ಪ್ಲಾಸ್ಟಿಕ್ ಆಟಿಕೆ ಬಂದಾಗ ಲೇತುಗಳು ನಿಂತವು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ, ಭೌಗೋಳಿಕ ಸೂಚಕವಿರುವ ಬೊಂಬೆಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಮರುವರ್ಷ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕರ್ನಾಟಕದ ಕರಕುಶಲ ಸ್ತಬ್ಧಚಿತ್ರಕ್ಕೆ ಎರಡನೆಯ ಬಹುಮಾನ ಬಂತು, ನಮ್ಮ ಬೊಂಬೆಗಳೂ ಅದರಲ್ಲಿದ್ದವು.

ಬಹುಮಾನಕ್ಕೆ ಚಪ್ಪಾಳೆ ತಟ್ಟಿದವರೇ ಸಾಮಾನ್ಯವಾಗಿ ಇನ್ನೊಂದು ಮಾತನ್ನೂ ಹೇಳುತ್ತಾರೆ: ಈಗಿನ ಹುಡುಗರಿಗೆ ಕಲೆ ಬೇಡ, ಎಲ್ಲರೂ ಬಿಡದಿಗೆ ಓಡುತ್ತಾರೆ. ಬಿಡದಿಯಲ್ಲಿ ಟೊಯೊಟಾ ಇದೆ, 1999ರಿಂದ ಅಲ್ಲಿ ಕಾರು ತಯಾರಾಗುತ್ತಿದೆ. ಜಪಾನು ಮತ್ತೆ ಬರುತ್ತದೆ ಎಂದೆನಲ್ಲ, ಇದೇ. ಅಪ್ಪ ಲೇತಿನ ಮುಂದೆ ಕೂತು ಅರಗಿನ ಹೊಗೆ, ಮರದ ಪುಡಿ ನುಂಗುತ್ತಾನೆ. ಮಗ ಐಟಿಐ ಮುಗಿಸಿ ಸಮವಸ್ತ್ರ ತೊಟ್ಟು ಕಂಪನಿಯ ಬಸ್ಸು ಹತ್ತುತ್ತಾನೆ, ತಿಂಗಳ ಕೊನೆಗೆ ಸಂಬಳ, ಪಿಎಫ್, ಇಎಸ್ಐ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವನೂ ಒಲ್ಲೆ ಎಂದಿದ್ದಾನೆ, ಅಷ್ಟೇ. ಗೂಡಿನ ರೈತನಿಗೆ ಆ ಹಕ್ಕು ಬೇಕು ಎಂದ ನಾವು ಬೊಂಬೆಯವನ ಮಗನಿಗೆ ಬೇಡ ಎನ್ನಲಾಗುವುದಿಲ್ಲ. ಅವನು ಲೇತಿನ ಮುಂದೆ ಕೂರಬೇಕು ಎಂದಿದ್ದರೆ ಲೇತಿನ ಕೂಲಿ ಬಿಡದಿಯ ಸಂಬಳದ ಹತ್ತಿರ ಬರಬೇಕು. ಬೊಂಬೆಯ ಬೆಲೆಯಲ್ಲಿ ಕಡೆದವನ ಪಾಲು ಎಷ್ಟೆಂದು ಹೆದ್ದಾರಿಯ ಅಂಗಡಿಗಳಲ್ಲಿ ಕೊಳ್ಳುವವರು ಕೇಳತೊಡಗಿದರೂ ಸಾಕು, ಮಾತು ಶುರುವಾಗುತ್ತದೆ.